ಸಾಲಿನ ಕೊನೆಯಲ್ಲಿ ಕುಳಿತವಳ ತಲೆ

ಕೂದಲು ಕಳೆದುಕೊಂಡವಳು ನನ್ನ ತಂಗಿಯ ಮಗಳು. ಎರಡು ಜಡೆಯ ನಿಯಮ ಬರೆದವರ ತಲೆಯಿಂದ ಒಂದು ಎಳೆಯೂ ಉದುರಲಿಲ್ಲ. ದಿನವೂ ಸೋಪು ಹಚ್ಚಿ ತೊಳೆಸಿದವರಿಗೂ, ನಮ್ಮಂಥವರ ತಲೆಯೇ ಲೋಕದಲ್ಲಿಲ್ಲ ಎಂಬಂತೆ ಅಂಗಡಿಯ ಕಪಾಟು ತುಂಬಿಸಿದವರಿಗೂ ಏನೂ ಆಗಲಿಲ್ಲ. ಆರನೆಯ ತರಗತಿಯ ಹುಡುಗಿಯ ಹಣೆಯಂಚು ಮಾತ್ರ ಬೆರಳಗಲ ಬೋಳಾಯಿತು.

ನಾವು ಸಿದ್ದಿಗಳು. ಮುಂಡಗೋಡದ ಕಡೆಯ ಕಾಡಂಚಿನಿಂದ ಅಪ್ಪ ಹಾನಗಲ್ಲಿನ ಅಕ್ಕಿ ಗಿರಣಿಗೆ ಕೆಲಸಕ್ಕೆ ಬಂದರು. ನಾವು ಅಲ್ಲಿಯೇ ಬೆಳೆದೆವು. ಪೂರ್ವಜರು ಆಫ್ರಿಕಾದಿಂದ ಬಂದವರೆಂಬುದನ್ನು ನಾವು ಬಾಯಿ ಬಿಡುವ ಮೊದಲೇ ನಮ್ಮ ಕೂದಲು ಊರಿಗೆ ಹೇಳಿಬಿಡುತ್ತದೆ. ಎಳೆ ಎಳೆಯೂ ಬಿಗಿಯಾದ ಸುರುಳಿ. ಒಣಗಿದರೆ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದೇ ಇಲ್ಲ. ಅವ್ವ ಬದುಕಿಡೀ ತಲೆಯ ಮೇಲಿನ ಸೆರಗು ಇಳಿಸಲಿಲ್ಲ. ಶಿಗ್ಗಾವಿಯಲ್ಲಿ ಮಹಿಳಾ ಸಂಘಟನೆಯೊಂದರ ಕೆಲಸ ಮಾಡುತ್ತ, ಘನತೆಯ ಕುರಿತು ಮೈಕಿನ ಮುಂದೆ ಮಾತನಾಡುವ ನಾನೂ ಇಳಿಸಿಲ್ಲ.

ತಂಗಿಯ ಮಗಳು ಹಿರೇಕೆರೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿದ್ದಾಳೆ. ಅಲ್ಲಿ ರವಿವಾರ ಬೆಳಿಗ್ಗೆ ಹುಡುಗಿಯರು ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿ ಕುಳಿತು, ಪ್ರತಿಯೊಬ್ಬಳೂ ಮುಂದಿನವಳ ತಲೆಗೆ ಎಣ್ಣೆ ಹಚ್ಚಿ, ಹೇನು ಹೆಕ್ಕಿ, ಎರಡು ಜಡೆ ಹಾಕಬೇಕು. ಸಾಲಿನ ಕೊನೆಯವಳ ತಲೆ ಬಾಚಲು ಯಾರೂ ಇರುವುದಿಲ್ಲ. ಆದ್ದರಿಂದ ಮುಂದಿನ ವಾರ ಅವಳು ಎಲ್ಲರಿಗಿಂತ ಮುಂದೆ ಕೂರುವುದು ಪದ್ಧತಿ. ಈ ಹುಡುಗಿಯ ಪಾಲಿಗೆ ಆ ಸರದಿ ಬರಲೇ ಇಲ್ಲ. ಅವಳ ಹಿಂದೆ ಕೂರಲು ಯಾರೂ ಒಪ್ಪಲಿಲ್ಲ.

ಇದು ನನಗೆ ತಿಳಿದದ್ದು ದಸರಾ ರಜೆಯಲ್ಲಿ. ಎಣ್ಣೆ ಹಚ್ಚುತ್ತೇನೆ, ಬಾ ಎಂದು ಕರೆದರೆ ಅವಳು ಬಂದು ನನ್ನ ಬೆನ್ನ ಹಿಂದೆ ಕುಳಿತಳು.

“ಅಲ್ಲ್ಯಾಕ ಕುಂತಿ? ಮುಂದ ಬಾರವ್ವ.”

“ನನ್ನ ಜಾಗಾ ಇದ ಅಲ್ಲೇನ ದೊಡ್ಡವ್ವ?”

ಮುಂದೆ ಕೂರಿಸಿಕೊಂಡು ದುಪಟ್ಟಾ ಸರಿಸಿದಾಗ ಹಣೆಯಂಚು ಕಂಡಿತು. ಒಣಗಿದ ಕೂದಲನ್ನು ಹೊಲಸೆಂದು ತಿಳಿದು ವಾರ್ಡನ್ ದಿನವೂ ಸೋಪು ಹಚ್ಚಿಸಿದ್ದರು. ಸೋಪು ಇದ್ದ ಅಲ್ಪ ಜಿಡ್ಡನ್ನೂ ತೆಗೆಯಿತು. ಕೂದಲು ಇನ್ನಷ್ಟು ಒಣಗಿತು. ಒಣಗಿತೆಂದು ಮತ್ತೆ ಸೋಪು. ಆಮೇಲೆ ಅದನ್ನು ಹೇನಿನ ಹಣಿಗೆಯಿಂದ ಎಳೆದು, ರಿಬ್ಬನ್ನಿನಲ್ಲಿ ಬಿಗಿದು ಕಟ್ಟಿದ್ದರು. ದ್ವೇಷದಿಂದಲ್ಲ, ಶಿಸ್ತಿನ ಹೆಸರಿನಲ್ಲಿ. ಅದನ್ನು ನಾನು ತಪ್ಪೆಂದೇ ಕರೆಯುತ್ತೇನೆ. ರಜೆ ಮುಗಿಸಿ ಬರುವಾಗ ಎರಡು ಜಡೆ ಇರಬೇಕು, ಇಲ್ಲವಾದರೆ ಹುಡುಗರ ಹಾಗೆ ಕತ್ತರಿಸುತ್ತೇವೆ ಎಂದೂ ಹೇಳಿ ಕಳಿಸಿದ್ದರು.

ಮರುದಿನ ಸವಣೂರಿನಲ್ಲಿ ಸಭೆಯಿತ್ತು. ಅವಳನ್ನೂ ಕರೆದೊಯ್ದೆ. ಸಭೆ ಮುಗಿದ ಮೇಲೆ ಬಜಾರಿನ ಒಂದು ಫ್ಯಾನ್ಸಿ ಅಂಗಡಿಗೆ ಹೋದೆವು. ಗುಂಗುರು ಕೂದಲಿಗೆ ಏನಾದರೂ ಇದೆಯೇ, ನೇರ ಮಾಡುವಂಥದ್ದು ಬೇಡ ಎಂದು ಕೇಳಿದೆ.

“ಗುಂಗುರಂದ್ರ ಎಷ್ಟ ಗುಂಗುರ್ರಿ ಅಕ್ಕಾರ? ಸಿನಿಮಾದವರಿಗೆ ಇರ್ತಾವಲ್ಲ, ಹಂಗಾ?”

“ಅದಕ್ಕಿಂತ ಹೆಚ್ಚರಿ.”

“ಅದಕ್ಕಿಂತ ಹೆಚ್ಚಂದ್ರ ಪಾತ್ರಿ ತಿಕ್ಕೋ ತಂತಿ ಆತಲ್ರಿ!” ಅಂಗಡಿಯಾಕೆ ನಕ್ಕಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ದುಪಟ್ಟಾ ಹಣೆಗೆಳೆದುಕೊಂಡು ತಾನೂ ನಕ್ಕಳು. “ಹೌದ್ರಿ, ಹಂಗ ಅದಾವ್ರಿ ಆಕಿವು. ನನಗಲ್ಲರಿ, ನಮ್ಮ ಸಾಲ್ಯಾಗ ಒಬ್ಬಾಕಿ ಅದಾಳರಿ, ಆಕಿಗೆ.”

ಅಂಗಡಿಯಾಕೆ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಗು ಅರ್ಧಕ್ಕೆ ನಿಂತಿತು. ಬಗ್ಗಿ ಕೆಳಗಿನ ಖಾನೆಯಲ್ಲಿ ಏನನ್ನೋ ಹುಡುಕತೊಡಗಿದಳು. ತನ್ನನ್ನೇ ಇಲ್ಲವೆನ್ನುವ ಆ ವಿದ್ಯೆಯನ್ನು ಹುಡುಗಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಅವ್ವನ ಸೆರಗು ಕಲಿಸಿತ್ತು, ನನ್ನ ಸೆರಗು ಕಲಿಸಿತ್ತು. ಕಿವಿಯವರೆಗೆ ಬಿಸಿಯಾದ ಮುಖವನ್ನು ಬಾಟಲಿಗಳ ಕಡೆಗೆ ತಿರುಗಿಸಿಕೊಂಡೆ.

ಬಾಟಲಿಗಳ ಮೇಲೆಲ್ಲ ಬೆನ್ನಿನುದ್ದಕ್ಕೆ ಜಾರುವ ಕೂದಲಿನ ಚಿತ್ರಗಳು. ಪ್ರತಿಯೊಂದರ ಹಿಂಬದಿ ಓದಿದೆ. ನೊರೆಯ ಹೊಗಳಿಕೆ ಹೆಚ್ಚಿದ್ದ ಶಾಂಪೂಗಳನ್ನು ಬಿಟ್ಟೆ. ನೊರೆ ಹೆಚ್ಚಾದಷ್ಟೂ ನಮ್ಮ ಕೂದಲು ಒಣಗುತ್ತದೆ. ನೇರಗೊಳಿಸುವ ಕ್ರೀಮನ್ನು ಹಚ್ಚುವ ಮುನ್ನ ಕೈಮೇಲೆ ಪರೀಕ್ಷಿಸಬೇಕು, ಕಣ್ಣಿಗೆ ತಾಗಬಾರದು ಎಂದು ಸಣ್ಣಕ್ಷರದಲ್ಲಿತ್ತು. ಕೊನೆಗೆ ಕೊಂಡದ್ದು ಕೂದಲನ್ನು ಮೆತ್ತಗಾಗಿಸುವ ಗಟ್ಟಿಯಾದ ಒಂದು ಕಂಡೀಷನರ್ ಮತ್ತು ಅಂಗಡಿಯಾಕೆ ಕೆಳಗಿನಿಂದ ಹುಡುಕಿ ತೆಗೆದ, ಅಗಲ ಹಲ್ಲಿನ ಒಂದೇ ಒಂದು ಹಣಿಗೆ. ಅದರ ಮೇಲಿನ ಧೂಳನ್ನು ಆಕೆ ತನ್ನ ಸೆರಗಿನಿಂದಲೇ ಒರೆಸಿಕೊಟ್ಟಳು.

ಬಂಕಾಪುರದಲ್ಲಿ ಶಿಗ್ಗಾವಿಯ ಬಸ್ಸಿಗೆ ಕಾಯುತ್ತಿದ್ದಾಗ ಹುಡುಗಿ ಹೇಳಿದಳು: “ಆ ಕ್ರೀಮ್ ತಗೋಬೇಕಾಗಿತ್ತ ದೊಡ್ಡವ್ವ. ಅದನ್ನ ಹಚ್ಚಿದ್ರ ನನ್ನ ಹಿಂದ ಯಾರರ ಕುಂದರತಿದ್ರು.”

“ಸುಟ್ಟುಗಿಟ್ಟೀತು.”

“ಸುಟ್ರ ಸುಡವಲ್ದ್ಯಾಕ.”

ಸಮಾನತೆಯ ಕುರಿತು ಅಂದು ಬೆಳಿಗ್ಗೆಯಷ್ಟೇ ಭಾಷಣ ಮಾಡಿ ಬಂದ ನಾನು ಚೀಲದಿಂದ ಹಣಿಗೆ ತೆಗೆದು ಅವಳ ಕೈಗಿಟ್ಟೆ.

ಉಳಿದದ್ದನ್ನು ಫೋನಿನ ವಿಡಿಯೋ ನೋಡಿ ಕಲಿತೆ. ದೂರದ ಯಾವುದೋ ನಗರದ ಕಪ್ಪು ಮಹಿಳೆಯೊಬ್ಬಳು ತನ್ನ ಅಡುಗೆಮನೆಯಲ್ಲಿ ಅಗಸೆ ಬೀಜ ಕುದಿಸುತ್ತಿದ್ದಳು. ನಾವು ಚಟ್ನಿಪುಡಿಗಷ್ಟೇ ಹುರಿಯುವ ಅದೇ ಅಗಸಿ! ನೀರು ಲೋಳೆಯಾಗುವವರೆಗೆ ಕುದಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿದೆ. ಆರಿದರೆ ಅದು ಬಟ್ಟೆಯಿಂದ ಇಳಿಯುವುದಿಲ್ಲ ಎಂಬುದು ಮೊದಲ ಸಲ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಹುಡುಗಿಯ ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಮೊದಲು ಬೆರಳಿನಿಂದ, ಆಮೇಲೆ ಹಣಿಗೆಯಿಂದ, ತುದಿಯಿಂದ ಬುಡದತ್ತ ಸಿಕ್ಕು ಬಿಡಿಸಿದೆ. ತೊಳೆದು, ಲೋಳೆ ಸವರಿ, ಎರಡೆರಡು ಸಣ್ಣ ಕುಚ್ಚುಗಳನ್ನು ಸಡಿಲವಾಗಿ ಹೊಸೆದೆ. ಹಣೆಯಂಚನ್ನು ಎಳೆಯಲಿಲ್ಲ. ಹೊಸೆದವನ್ನೆಲ್ಲ ಎರಡು ಗೊಂಚಲು ಮಾಡಿ ಶಾಲೆಯ ರಿಬ್ಬನ್ ಕಟ್ಟಿದೆ. ಅವಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

“ಒಣಗಿದ ಮ್ಯಾಲೂ ಹಿಂಗ ಇರ್ತಾವೇನ?”

ಒಣಗಿದ ಮೇಲೂ ಹಾಗೆಯೇ ಇದ್ದವು. ಆದರೂ ಮನೆಯಿಂದ ಹೊರಡುವಾಗ ದುಪಟ್ಟಾ ತಲೆಗೇರಿತು.

ರಜೆ ಮುಗಿದು ರವಿವಾರ ಬೆಳಿಗ್ಗೆ ಶಾಲೆ ತಲುಪಿದೆವು. ವಾರ್ಡನ್ ದುಪಟ್ಟಾ ಸರಿಸಿ ಗೊಂಚಲುಗಳನ್ನು ಎತ್ತಿ ನೋಡಿದರು.

“ಇದೇನ್ರಿ, ಹಗ್ಗ ಹೊಸದಂಗ?”

“ಎರಡು ಕೇಳಿದ್ರಿ. ಎರಡು ಅದಾವಲ್ರಿ.”

“ಒಬ್ಬಾಕಿಗೆ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ್ರಿ.”

“ಕೇಳ್ಲಿ ಬಿಡ್ರಿ ಮೇಡಮ್ಮಾರ. ಕೇಳಿದ್ರ ಏನಾತು?”

“ಸಾಲಿ ಕಮಿಟಿಯವರು ಬಂದು ನೋಡೋತನಕ ಇರಲಿ,” ಎಂದರು ಅವರು.

ಮೆಟ್ಟಿಲುಗಳ ಮೇಲೆ ಆಗಲೇ ಸಾಲು ಕೂತಿತ್ತು. ನಮ್ಮ ಹುಡುಗಿ ನೇರ ಹೋಗಿ ಕೊನೆಯಲ್ಲಿ ಕುಳಿತಳು. ಅವಳ ತರಗತಿಯ ಹುಡುಗಿಯೊಬ್ಬಳು ಎದ್ದು ಬಂದು ಗೊಂಚಲನ್ನು ಬೆರಳಿನಿಂದ ಒತ್ತಿ ನೋಡಿದಳು.

“ಏ, ಎಷ್ಟ ಮೆತ್ತಗ ಆಗ್ಯಾವಲೇ! ಸರಿ, ಇವತ್ತ ನಿನ್ನ ಹಿಂದ ನಾ ಕುಂದರ್ತೇನಿ.”

ಇಷ್ಟು ದಿನ ನಮ್ಮ ಹುಡುಗಿ ಬಯಸಿದ್ದು ಇದೊಂದನ್ನೇ. ಆದರೆ ಅವಳು ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

“ಬ್ಯಾಡವ್ವ. ನಿನ್ನ ಕೈ ಹೊಲಸಾಕ್ಕಾವು.”

ಹಿಂದಿನ ದಿನವಷ್ಟೇ ನನ್ನ ಕೈಯಾರೆ ತೊಳೆದ ಕೂದಲು ಅದು. ಅದರಲ್ಲಿ ಹೊಲಸು ಇರಲಿಲ್ಲ. ಗೆಳತಿ ತನ್ನ ಜಾಗಕ್ಕೆ ಮರಳಿದಳು. ಅಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ನನ್ನ ತಲೆಯ ಮೇಲೆ ಆಗಲೂ ಸೆರಗಿತ್ತು.

ಆ ಶಾಲೆಯನ್ನು ನಡೆಸುವ ಸಮಿತಿಯವರೇ, ನಿಮ್ಮ ದಯೆ ನಮಗೆ ಬೇಕಿಲ್ಲ. ಗೋಡೆಯ ಮೇಲಿನ ನಿಯಮಗಳಿಂದ ‘ಎರಡು ಜಡೆ’ ಎಂಬುದನ್ನು ಅಳಿಸಿ, ‘ಶುಚಿಯಾದ ಕೂದಲು’ ಎಂದು ಬರೆಸಿ. ತಿಂಗಳಿಗೊಮ್ಮೆ ಕೊಡುವ ಸೋಪು, ಎಣ್ಣೆಯ ಜೊತೆಗೆ ಅಗಲ ಹಲ್ಲಿನ ಹಣಿಗೆಯನ್ನೂ ಕಂಡೀಷನರನ್ನೂ ಬೇಕಾದವರಿಗೆ ಕೊಡಿ. ಹುಡುಗಿ ತಾನಾಗಿ ಒಪ್ಪದೆ ಯಾವ ತಲೆಗೂ ಕತ್ತರಿ ಹಾಕಬೇಡಿ. ಮತ್ತು ಮುಂದಿನ ರವಿವಾರ ನಿಮ್ಮಲ್ಲೊಬ್ಬರು ಆ ಮೆಟ್ಟಿಲಿಗೆ ಬಂದು, ಅವಳ ಅನುಮತಿ ಕೇಳಿ, ಅವಳ ಹಿಂದೆ ಕುಳಿತುಕೊಳ್ಳಿ. ಸಿಕ್ಕು ಬಿಡಿಸುವುದನ್ನು ತುದಿಯಿಂದ ಶುರು ಮಾಡಿ.