ಕಪ್ಪು ವೈರಿನ ಕೊನೆಯ ತುದಿ

ದೆವ್ವ, ಭೂತ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಎಲ್ಲರ ಎದುರೇ ಹೇಳಿದವಳು. ಈಗಲೂ ಹಾಗೇ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಅಂಗಳದಲ್ಲಿ ನಡೆದ ಒಂದು ಸಂಗತಿ ಮಾತ್ರ ಇದಕ್ಕೆ ಹೊಂದುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಕಂಡಷ್ಟನ್ನೇ ಬರೆಯುತ್ತೇನೆ.

ನಮ್ಮ ಮನೆ ರಾಮನಗುಳಿಯ ಡಾಂಬರು ರಸ್ತೆಯಿಂದ ಸ್ವಲ್ಪ ಒಳಗೆ. ಮೂರು ಕಡೆ ಗದ್ದೆ, ಒಂದೇ ಕಡೆ ಗಾಡಿ ಬರುವ ದಾರಿ. ಆ ದಾರಿಯ ಬಾಯಿಗೆ ದಣಪೆ ಇದೆ. ಎಂದರೆ ಎರಡು ಕಂಬಗಳ ತೂತಿಗೆ ಅಡ್ಡ ತೂರಿಸಿದ ಮೂರು ಬಿದಿರು. ಆಚೆಮನೆಯ ಎಮ್ಮೆ ಕೋಡಿನಿಂದ ಬಿದಿರು ಸರಿಸಿ ನುಗ್ಗುತ್ತದೆಂದು ನಾನು ತುದಿಗೆ ತೆಂಗಿನ ನಾರಿನ ಕತ್ತದ ಹಗ್ಗ ಸುತ್ತಿ ಗಂಟು ಹಾಕುತ್ತೇನೆ. ನಾನು ಎಡಗೈಯವಳು. ನನ್ನ ಗಂಟು ಬಿಚ್ಚಲು ಬರದೆ ನಮ್ಮ ಮನೆಯವರೇ ಎಷ್ಟೋ ಸಲ ದಣಪೆ ಹತ್ತಿ ದಾಟಿದ್ದಾರೆ.

ಅಂದು ಭತ್ತ ಬಡಿಯುತ್ತಿದ್ದೆವು. ಮೋಡ ಕಟ್ಟಿತ್ತು, ಕರೆಂಟು ಹೋಗಿತ್ತು. ನನ್ನ ಅಕ್ಕನ ಮಗ ಗಣಪತಿ ಮಧ್ಯಾಹ್ನವೇ ಕಾರವಾರದ ಹಬ್ಬುವಾಡದಿಂದ ಕಾರಿನಲ್ಲಿ ಬಂದಿದ್ದ. ಅವನ ಮನೆ ಅಲ್ಲೇ, ಕಾರವಾರದಲ್ಲೇ ಕಚೇರಿ ಕೆಲಸ. ಕಾರು ಒಳಗೆ ಬಂದ ಮೇಲೆ ದಣಪೆ ಹಾಕಿ ಗಂಟು ಕಟ್ಟಿದವಳು ನಾನು. ಕತ್ತಲಾದಾಗ ಕಾರಿನ ದೀಪ ಹಚ್ಚಿಸಿ, ಆ ಬೆಳಕಿನಲ್ಲಿ ಬಡಿಯತೊಡಗಿದೆವು.

“ಎಂಜಿನ್ ಬಂದ್ ಮಾಡಾ, ಹೊಗೆ ಎಲ್ಲಾ ಭತ್ತಕ್ಕೆ ಬತ್ತದೆ” ಎಂದೆ.

“ಬ್ಯಾಟರಿ ಇಳೀತದೆ, ಚಿಕ್ಕಿ.”

“ದೀಪಕ್ಕೆ ಎಂತಾ ಇಳೂದು? ಎರಡು ತಾಸಿನ ಕೆಲ್ಸ. ನೀ ಕಚೇರಿಯವ, ನಿಂಗೆ ಎಲ್ಲದಕ್ಕೂ ಹೆದ್ರಿಕೆ.”

ಎರಡು ತಾಸಿನ ಒಳಗೇ ದೀಪ ಕೆಂಪಾಗಿ ಆರಿತು. ಆ ಕತ್ತಲಲ್ಲೇ ನಮ್ಮ ಮನೆಯವರು ಇನ್ನೊಂದು ಭತ್ತದ ಹೊರೆಗೆ ಕೈ ಹಾಕಿದರು. ಟಾರ್ಚ್ ಬಿಟ್ಟಾಗ ಕಂಡದ್ದು ಕೊಳಕುಮಂಡಲ ಹಾವು. ಅವರ ಹೆಬ್ಬೆರಳ ಬುಡದಲ್ಲಿ ಎರಡು ಹನಿ ರಕ್ತ.

ಗಣಪತಿ ಕೀ ತಿರುಗಿಸಿದ. ಟಕ್ ಟಕ್ ಎಂದಿತು, ಅಷ್ಟೇ. ತಳ್ಳಿದೆವು, ದಾರಿ ಏರು, ಕಾರು ಅಲುಗಲಿಲ್ಲ. ಫೋನ್ ಮಾಡಿದರೆ ಅಂಬ್ಯುಲೆನ್ಸ್ ಬೇರೆ ರೋಗಿಯನ್ನು ಒಯ್ದಿತ್ತು, ಬರಲಿಕ್ಕೆ ಒಂದೂವರೆ ತಾಸು. ಇವರ ಕೈ ಆಗಲೇ ಊದಿತ್ತು. ಆದರೂ ಇವರು, “ಭತ್ತ ಮುಚ್ಚೇ, ಮಳೆ ಬತ್ತದೆ” ಎನ್ನುತ್ತಿದ್ದರು.

“ಮೊದ್ಲು ನಿಮ್ಮ ಬಾಯಿ ಮುಚ್ಚಿ” ಎಂದೆ. ಬ್ಯಾಟರಿ ಸತ್ತದ್ದು ನನ್ನ ಮಾತಿನಿಂದ. ಮನುಷ್ಯ ಸತ್ತರೆ ಅದೂ ನನ್ನಿಂದಲೇ.

ಆಗ ಒಂದು ಜೀಪು ಬಂದು ನಮ್ಮ ಕಾರಿನ ಎದುರು, ಮೂತಿಗೆ ಮೂತಿ ತಾಗದಂತೆ, ಗೇಣು ಜಾಗ ಬಿಟ್ಟು ನಿಂತಿತು. ನಲವತ್ತರ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಇಳಿದಳು. ಗಣಪತಿ ಎಲ್ಲಿಯವರೆಂದು ಕೇಳಿದ್ದಕ್ಕೆ “ಹಬ್ಬುವಾಡ” ಎಂದಳು. ಗೋಣಿಚೀಲದಿಂದ ಬೆರಳು ದಪ್ಪದ ಎರಡು ವೈರು ತೆಗೆದಳು, ಒಂದು ಕೆಂಪು, ಒಂದು ಕಪ್ಪು. ನನಗೆ, “ಅಮ್ಮಾ, ಕೈ ಕಟ್ಬೇಡಿ, ಕುಯ್ಬೇಡಿ, ಅಲ್ಲಾಡ್ಸಲೂಬೇಡಿ” ಎಂದಳು.

ಒಳ್ಳೆಯ ಕೆಲಸಗಾರರನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥ ಕೈ ಕಂಡಿಲ್ಲ. ಒಂದು ಚಲನೆಯೂ ದಂಡವಿಲ್ಲ. ಜೀಪು ಬಂದ್ ಮಾಡಿ, ನಮ್ಮ ಕಾರಿನ ಕೀ, ದೀಪದ ಸ್ವಿಚ್ಚೂ ಬಂದ್ ಮಾಡಿಸಿದಳು. ನಮ್ಮ ಬ್ಯಾಟರಿ ಒಡೆದಿದೆಯೋ, ಸೋರಿದೆಯೋ ಎಂದು ಟಾರ್ಚ್ ಹಿಡಿದು ನೋಡಿದಳು. ಕೆಂಪು ವೈರನ್ನು ನಮ್ಮ ಬ್ಯಾಟರಿಯ ಪ್ಲಸ್‌ಗೆ ಕಚ್ಚಿಸಿ, ಅದರ ಇನ್ನೊಂದು ತುದಿಯನ್ನು ಜೀಪಿನ ಪ್ಲಸ್‌ಗೆ ಹಾಕಿದಳು. ಕಪ್ಪನ್ನು ಜೀಪಿನ ಮೈನಸ್‌ಗೆ ಹಾಕಿದಳು. ಉಳಿದದ್ದು ಕಪ್ಪಿನ ಕೊನೆಯ ತುದಿ. ಗಣಪತಿ ಅವಸರಕ್ಕೆ ಅದನ್ನು ನಮ್ಮ ಬ್ಯಾಟರಿಗೇ ಹಾಕಹೋದ. ಅವನ ಕೈಗೆ ಫಟ್ಟನೆ ಹೊಡೆದಳು.

“ಅಲ್ಲಿ ಗ್ಯಾಸ್ ಇರ್ತದೆ ಮಾರಾಯಾ. ಕಿಡಿ ಬಿದ್ರೆ ಬ್ಯಾಟರಿ ಮುಖಕ್ಕೇ ಸಿಡೀತದೆ. ಆಮೇಲೆ ಆಸ್ಪತ್ರೆಗೆ ಇಬ್ರು!”

ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಒಂದು ಬೋಲ್ಟಿಗೆ ಅದನ್ನು ಹಿಡಿಸಿದಳು. ಅಲ್ಲಿ ಸಣ್ಣ ಕಿಡಿ ಹಾರಿತು. ಜೀಪು ಚಾಲೂ ಮಾಡಿ, ನಮ್ಮ ಬ್ಯಾಟರಿಗೆ ಜೀವ ಬರಲೆಂದು ಐದು ನಿಮಿಷ ಕಾದಳು. ನನಗೆ ಆ ಐದು ನಿಮಿಷವೇ ಒಂದು ರಾತ್ರಿ. “ಹೂಂ, ಈಗ” ಎಂದಳು. ಕಾರು ಒಂದೇ ಏಟಿಗೆ ಎದ್ದಿತು. ಹಾಕಿದ್ದರ ತಿರುಗು ಕ್ರಮದಲ್ಲಿ, ತುದಿಗೆ ತುದಿ ತಾಗಿಸದೆ, ವೈರು ಬಿಡಿಸಿ, ಜೀಪನ್ನು ಬದಿಗೆ ಸರಿಸಿದಳು.

“ಆಸ್ಪತ್ರೆ ಮುಟ್ಟೂವರೆಗೆ ಬಂದ್ ಮಾಡ್ಬೇಡಿ. ನೀವು ಹೋಗಿ, ನಾನು ವೈರು ಸುತ್ಕಂಡು ಬರ್ತೆ.”

ದಣಪೆಯ ಹತ್ತಿರ ನಾನು ಇಳಿದು, ಕಾರಿನ ಬೆಳಕಿನಲ್ಲಿ ಗಂಟು ಬಿಚ್ಚಿ, ಮೂರೂ ಬಿದಿರು ಸರಿಸಿದೆ. ಜೀಪು ಹೊರಗೆ ಬರಬೇಕಲ್ಲ ಎಂದು ತೆರೆದೇ ಬಿಟ್ಟೆ. ಅಂಕೋಲೆ ಆಸ್ಪತ್ರೆ ಮುಟ್ಟಿದೆವು, ಅಲ್ಲಿಂದ ಇವರನ್ನು ಕಾರವಾರಕ್ಕೆ ಒಯ್ದರು. ಇನ್ನು ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನ ಉಗುರಲ್ಲಿ ಕತ್ತದ ನಾರು ಸಿಕ್ಕಿದ್ದು ಕಂಡಿತು. ನಾನು ಬಿಚ್ಚಿದ್ದು ಮಧ್ಯಾಹ್ನ ನಾನೇ ಹಾಕಿದ ಎಡಗೈ ಗಂಟು. ಹಾಗಾದರೆ ಜೀಪು ಒಳಗೆ ಬಂದದ್ದು ಎಲ್ಲಿಂದ?

ಗಣಪತಿ ಮರುದಿನ ಹೋಗಿ ನೋಡಿ ಬಂದ. ಭತ್ತಕ್ಕೆ ತಾಡಪಾಲು ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಹೇರಿತ್ತಂತೆ. ದಣಪೆಗೆ ಮೂರೂ ಬಿದಿರು ಹಾಕಿತ್ತು, ಹಗ್ಗ ಮಾತ್ರ ಸುಮ್ಮನೆ ಜೋತು ಬಿದ್ದಿತ್ತು. ನನ್ನ ಗಂಟು ಅವಳಿಗೆ ಬರುತ್ತಿರಲಿಲ್ಲ ಎಂದಾಯಿತಲ್ಲ! “ಗಾಬ್ರಿಯಲ್ಲಿ ನಿಂಗೆ ನೆನಪು ಹೋಗ್ಯದೆ, ಚಿಕ್ಕಿ” ಎಂದ ಅವನು. ಆದರೂ ಹಬ್ಬುವಾಡದಲ್ಲಿ ಓಣಿ ಓಣಿ ಕೇಳಿದ. ಅಂಥ ಜೀಪೂ ಇಲ್ಲ, ಅಂಥ ಹೆಂಗಸೂ ಇಲ್ಲ. ಕಾರಿನ ಬೋಲ್ಟಿನ ಮೇಲೆ ಕಿಡಿ ಸುಟ್ಟ ಕಪ್ಪು ಚುಕ್ಕೆ ಮಾತ್ರ ಇದೆ. ಅವನು ಬಂದಾಗಲೆಲ್ಲ ಬಾನೆಟ್ ಎತ್ತಿಸಿ ನೋಡುತ್ತೇನೆ.

ಹೋದ ವರ್ಷ ನಮ್ಮ ದಾರಿಯ ತುದಿಯಲ್ಲಿ ಮದುವೆ ದಿಬ್ಬಣದ ಒಂದು ಕಾರು ಹೀಗೇ ನಿಂತಿತು. ಗಣಪತಿ ಬಂದಿದ್ದ, ಅವನ ಹತ್ತಿರ ಈಗ ವೈರು ಇದೆ. ನಾನೇ ನಿಂತು ಹಾಕಿಸಿದೆ. ಕೊನೆಯ ತುದಿಯನ್ನು ಡ್ರೈವರ್ ಬ್ಯಾಟರಿಗೆ ಒಯ್ದಾಗ ಅವನ ಕೈಗೂ ಫಟ್ಟನೆ ಹೊಡೆದೆ. ಕಾರು ಎದ್ದಿತು.

“ಅಜ್ಜೀ, ಇದೆಲ್ಲ ನಿಮಗೆ ಯಾರು ಕಲ್ಸಿದ್ರು?” ಎಂದ ಅವನು, ಕೈ ಉಜ್ಜಿಕೊಳ್ಳುತ್ತ.

“ಹಬ್ಬುವಾಡದವಳು ಒಬ್ಬಳು” ಎಂದೆ.

ಅವನ ಮನೆಯೂ ಹಬ್ಬುವಾಡವೇ ಅಂತೆ. “ಯಾರವರು, ಹೆಸ್ರೇನು?” ಎಂದು ಕೇಳಿದ. ನಾನು ವೈರು ಸುತ್ತುತ್ತಾ ನಿಂತೆ.