ಅಂಗೈ ಅಡ್ಡ ಹಿಡಿದ ಬ್ವಾನಹೇರಿ

ಮೊಂಬಾಸಾದ ಹಳೇ ಪೇಟೆಯಲ್ಲಿ ಬೆಳಗಿನ ಬಾಂಗು ಈಗಷ್ಟೇ ಮುಗಿದಿದೆ. ಓಣಿಯ ನಡುವೆ ಕ್ಯಾಮೆರಾ ನಿಲ್ಲಿಸಿಕೊಂಡ ಬ್ವಾನಹೇರಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಮತ್ತೆ ತುಸು ಎಡಕ್ಕೆ. ಅರವತ್ತು ವರ್ಷದ ಹಿಂದೆ ಯಾರೋ ಈ ಓಣಿಯನ್ನು ಚಿತ್ರೀಕರಿಸಿದ ಜಾಗವನ್ನೇ ಅವರು ಹುಡುಕುತ್ತಿದ್ದಾರೆ. ಕಾಫಿ ಮಾರುವ ಜುಮಾನೆ ಹೇಳಿಸಿಕೊಳ್ಳದೆಯೇ ತನ್ನ ಹಿತ್ತಾಳೆ ಪಾತ್ರೆಯನ್ನು ಪಕ್ಕಕ್ಕೆ ಎತ್ತಿಡುತ್ತಾನೆ. "ಇವತ್ತಾದ್ರೂ ನನ್ನ ಮುಖ ಹಿಡೀತೀಯಾ, ಇಲ್ಲ ಗೋಡೆಗಳೇನಾ ನಿನ್ನ ನೆಂಟರು?"

ಹಳೇ ಪೇಟೆಗೆ ಈಗ ಮರುಜೀವ ಬರುತ್ತಿದೆ; ಸರ್ಕಾರದ ಎಂಜಿನಿಯರುಗಳು ನಕ್ಷೆ ಹಾಕಿ ಬಿದ್ದದ್ದನ್ನೆಲ್ಲ ಮೊದಲಿದ್ದಂತೆ ಕಟ್ಟಿಸುತ್ತಿದ್ದಾರೆ. ಹಳೆಯ ರೀಲುಗಳ ಧೂಳು ಒರೆಸಿ, ಹರಿದಲ್ಲಿ ಅಂಟಿಸಿ, ಅದೇ ಜಾಗದಿಂದ ಇಂದಿನ ನೋಟವನ್ನೂ ತೆಗೆದು, ಎರಡನ್ನೂ ಒಂದರ ಹಿಂದೊಂದು ತೋರಿಸುವುದು ಬ್ವಾನಹೇರಿಯ ಕೆಲಸ. ಚಿತ್ರ ಓಡಿಸುವ ಕೆಲಸಕ್ಕಿದ್ದ ಟಾಕೀಸು ಮುಚ್ಚಿದ ಮೇಲೆ ಅವರು ಬಂದರಿನಲ್ಲಿ ಮೂಟೆ ಹೊತ್ತರು. ಟಾಕೀಸಿನವರು ಬಿಟ್ಟುಹೋದ ಪ್ರೊಜೆಕ್ಟರನ್ನು ಮಾತ್ರ ಮಾರಲಿಲ್ಲ.

ಕಳೆದ ತಿಂಗಳು ಈ ಓಣಿಯ ಕಲ್ಲಿನ ಜಗಲಿ ಈ ಕೆಲಸದಿಂದ ಬಿಟ್ಟುಹೋಗುವುದರಲ್ಲಿತ್ತು. ಮುದುಕರು ಸಂಜೆ ಕೂರುತ್ತಿದ್ದ ಜಗಲಿ ಎಂದೋ ಕುಸಿದಿತ್ತು. ಎಂಜಿನಿಯರುಗಳ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಇತ್ತೆಂಬುದಕ್ಕೆ ಉಳಿದಿದ್ದು ಒಂದೇ ರೀಲು, ಅದನ್ನು ಅಧಿಕಾರಿಗಳಿಗೂ ಊರವರಿಗೂ ಓಡಿಸಿ ತೋರಿಸಬೇಕಿತ್ತು. ಆದರೆ ಅದರಲ್ಲಿ ಜಗಲಿಯ ಮೇಲಿನ ಕಿಟಕಿಯಿಂದ ಹರೆಯದ ಹೆಣ್ಣೊಬ್ಬಳು ತಲೆಗೆ ಬಟ್ಟೆಯಿಲ್ಲದೆ ನಗುತ್ತಾಳೆ. ಆಕೆ ಮ್ವಾನಾಕೊಂಬೊ. ಎಂಬತ್ತು ದಾಟಿದ ಅಜ್ಜಿಯಾಗಿ ಅದೇ ಮನೆಯಲ್ಲಿದ್ದಾರೆ.

ಪರಗಂಡಸರ ಮುಂದೆ ಆ ಚಿತ್ರವನ್ನು ಹೇಳದೆ ಕೇಳದೆ ಹಾಕುವಂತಿಲ್ಲ. ಬ್ವಾನಹೇರಿ ಮೊದಲು ಹೆಂಡತಿಯನ್ನು ಕಳಿಸಿದರು. ಅಜ್ಜಿ ಒಪ್ಪಲಿಲ್ಲ. "ಜಗಲಿ ನನಗೂ ಬೇಕು ಕಣೇ. ನನ್ನ ತಲೆಗೂದಲು ಊರಿಗೆಲ್ಲ ಕಾಣೋದು ಬೇಡ."

ಕಿಟಕಿ, ಜಗಲಿ ಒಂದೇ ಚೌಕಟ್ಟಿನಲ್ಲಿವೆ. ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಲಾಗದು. ಕಿಟಕಿ ಬರುವ ಹೊತ್ತಿಗೆ ಪ್ರೊಜೆಕ್ಟರಿನ ಬೆಳಕಿಗೆ ತಾನೇ ಅಂಗೈ ಅಡ್ಡ ಹಿಡಿಯುತ್ತೇನೆಂದು ಬ್ವಾನಹೇರಿ ಹೇಳಿಕಳಿಸಿದರು. ಅಜ್ಜಿ ತಾನೂ ಬಂದು ಹೆಂಗಸರ ಪರದೆಯ ಹಿಂದೆ ಕೂರುವುದಾದರೆ ಆಗಬಹುದೆಂದರು.

ಚಿತ್ರ ಓಡಿತು. ಬ್ವಾನಹೇರಿ ಪ್ರೊಜೆಕ್ಟರಿನ ಮುಂದೆ ಅಲುಗಾಡದೆ ನಿಂತರು. ಗೋಡೆಯ ಮೇಲೆ ಕಿಟಕಿಯಿದ್ದಲ್ಲಿ ಕಪ್ಪು ನೆರಳು, ಅದರ ಕೆಳಗೆ ಜಗಲಿ, ಜಗಲಿಯ ತುಂಬ ಜನ. ಅಧಿಕಾರಿಯೊಬ್ಬರು ಕೈ ತೆಗೆಯಿರೆಂದು ಗದರಿದರು.

"ನೋಡಬೇಕಾದ್ದು ಕೆಳಗಿದೆ ಸಾಹೇಬ್ರೇ," ಎಂದರು ಬ್ವಾನಹೇರಿ. ಕೈ ಇಳಿಯಲಿಲ್ಲ. ಜಗಲಿ ನಕ್ಷೆಗೆ ಸೇರಿತು.

ಈಗ ಗಾರೆಯವರು ಕಲ್ಲು ಕೂರಿಸುತ್ತಿದ್ದಾರೆ, ಬ್ವಾನಹೇರಿ ಅದನ್ನು ಚಿತ್ರೀಕರಿಸುತ್ತಿದ್ದಾರೆ. ಮೇಲಿನ ಕಿಟಕಿಯಿಂದ ಹಗ್ಗದಲ್ಲಿ, ಎಣ್ಣೆಯಲ್ಲಿ ಕರಿದ ಸಿಹಿ ರೊಟ್ಟಿ, ಬಿಸಿ ಮಹಾಮ್ರಿಯ ತಟ್ಟೆ ಇಳಿದುಬರುತ್ತದೆ, ಹಿಂದೆಯೇ ಅಜ್ಜಿಯ ದನಿ: "ಲೋ ಮಗಾ, ಯಾರಿಗೂ ಹೇಳ್ಬೇಡ. ಅದ್ರಲ್ಲಿ ನಾನು ಚೆನ್ನಾಗಿದ್ನೇನೋ?"

ಬ್ವಾನಹೇರಿ ಕ್ಯಾಮೆರಾದಿಂದ ಕಣ್ಣು ತೆಗೆಯುವುದಿಲ್ಲ.

"ನಂಗೊತ್ತಿಲ್ಲ ಬೀಬೀ. ನಾನು ಜಗಲಿ ನೋಡ್ತಿದ್ದೆ."