ಉಪ್ಪಿಲ್ಲದ ಬುತ್ತಿ

ನಮ್ಮಪ್ಪ ಊಟಕ್ಕೆ ಒಂದು ದಿನವೂ ಹೆಸರಿಟ್ಟವನಲ್ಲ. ಅಮ್ಮ ಅದನ್ನೇ ಕಂಡವರ ಮುಂದೆಲ್ಲ ಹೇಳಿಕೊಂಡು ಬೀಗುತ್ತಿದ್ದಳು.

ಅಪ್ಪ ಹಳೇ ಮಿಲಿಟರಿ ಜೀಪುಗಳ ಮೆಕ್ಯಾನಿಕ್. ಒಂದು ಮಧ್ಯಾಹ್ನ ನಾನೂ ಅಮ್ಮನೂ ಶೆಡ್ಡಿಗೆ ಬುತ್ತಿ ಒಯ್ದಾಗ ಅವನು ಕೆಟ್ಟ ಫ್ಯೂಯಲ್ ಪಂಪ್ ಬಿಚ್ಚಿ ಹೊಸದನ್ನು ಕೂರಿಸಿದ್ದ. ಟ್ಯಾಂಕಿನ ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆದ, ಬಾಯಿಗೆ ಬಂದದ್ದನ್ನು ಉಗುಳಿ ಪೈಪನ್ನು ಪಂಪಿಗೆ ಸಿಕ್ಕಿಸಿದ. ಜೀಪು ಗುರ್ರೆಂದಿತು. ಕೈ ತೊಳೆದು ಊಟಕ್ಕೆ ಕೂತ.

ಎರಡು ತುತ್ತಾದ ಮೇಲೆ ಅಮ್ಮನಿಗೆ ನೆನಪಾಯಿತು. "ಅಯ್ಯೋ, ಉಪ್ಪು ಹಾಕೋದೇ ಮರೆತೆ ಕಣ್ರೀ!"

"ಚೆನ್ನಾಗೇ ಇದೆ ಬಿಡು."

ಪಕ್ಕದಲ್ಲೇ ನಿಂತಿದ್ದ ಜೀಪಿನ ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನಿಗೇನಮ್ಮ ಗೊತ್ತಾಗುತ್ತೆ? ಪೆಟ್ರೋಲ್ ಎಳೆದೂ ಎಳೆದೂ ನಾಲಿಗೆ ಸತ್ತು ಯಾವ ಕಾಲವಾಯ್ತು! ಮಣ್ಣು ಕಲಸಿಕೊಟ್ರೂ ತಿಂತಾನೆ."

ಆ ಹಲ್ಲುಗಳನ್ನು ಉದುರಿಸಬೇಕು ಎನಿಸಿತು ನನಗೆ. ಅಮ್ಮ ನೋಡಿದ್ದು ಅಪ್ಪನನ್ನು.

"ನಿಜವಾ?"

"ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾನು ಒಲೆ ಮುಂದೆ ಬೆಂದಿದ್ದು ಯಾರಿಗೋಸ್ಕರ?"

ಅಪ್ಪ ಮುಂದಿನ ತುತ್ತು ಕಲಸತೊಡಗಿದ.

ಅಂದಿನಿಂದ ಅವನ ತಟ್ಟೆಗೆ ಬಿದ್ದದ್ದೆಲ್ಲ ತಳ ಹಿಡಿದದ್ದು, ಹಳಸಿದ್ದು. ಅಮ್ಮ ಎದುರಿಗೇ ಕೂತು ನೋಡುತ್ತಿದ್ದಳು. ಅವನು ದಿನವೂ ತಟ್ಟೆ ಬಳಿದು ತಿಂದು, "ಚೆನ್ನಾಗಿದೆ" ಎನ್ನುತ್ತಿದ್ದ.